ದಾಸ್ತಯೇವ್‌ಸ್ಕಿಯ ‘ದೆವ್ವಗಳು’: ದುಷ್ಟಪಾತ್ರಗಳ ಬಾಳಿಕೆಯ ಪ್ರಶ್ನೆ

ರಾಜಕೀಯ ಕಾದಂಬರಿಯ ಆಯುಸ್ಸು ಸಾಮಾನ್ಯವಾಗಿ ಅಲ್ಪವಾದುದು. ಯಾವ ಶಾಸನವನ್ನು ಖಂಡಿಸಲು ಅದು ಹುಟ್ಟಿತೋ ಆ ಶಾಸನ ರದ್ದಾಗುತ್ತದೆ. ಯಾವ ಮಂತ್ರಿಯನ್ನು ಅಣಕಿಸಿತೋ ಆ ಮಂತ್ರಿಯ ಹೆಸರು ಚರಿತ್ರೆಯ ಅಡಿಟಿಪ್ಪಣಿಗೆ ಇಳಿಯುತ್ತದೆ. ಯಾವ ಪಕ್ಷದ ಮೇಲೆ ಕತ್ತಿಯೆತ್ತಿತೋ ಆ ಪಕ್ಷವೇ ಇಲ್ಲವಾಗುತ್ತದೆ. ಇಂಥ ಕೃತಿಗಳಲ್ಲಿ ಎಲ್ಲಕ್ಕಿಂತ ಮೊದಲು ಸಾಯುವವರು ದುಷ್ಟಪಾತ್ರಗಳು. ನಾಯಕನಿಗೆ ಲೇಖಕನು ತನ್ನ ಆದರ್ಶವನ್ನಾದರೂ ಕೊಟ್ಟಿರುತ್ತಾನೆ. ಖಳನಿಗೆ ಅವನು ಕೊಡುವುದು ಬಹುಮಟ್ಟಿಗೆ ತನ್ನ ಕೋಪವನ್ನು ಮಾತ್ರ. ಕೋಪ ಆರಿದ ಮೇಲೆ ಖಳನೂ ಆರಿಹೋಗುತ್ತಾನೆ.

ಈ ನಿಯಮಕ್ಕೆ ಅಪವಾದವಾಗಿ ನಿಂತಿರುವ ಕೃತಿಗಳಲ್ಲಿ ಫ್ಯೋದರ್ ದಾಸ್ತಯೇವ್‌ಸ್ಕಿಯ ‘ಬೇಸಿ’ ಮುಖ್ಯವಾದುದು. ೧೮೭೧-೭೨ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬಂದು ೧೮೭೩ರಲ್ಲಿ ಪುಸ್ತಕರೂಪ ತಾಳಿದ ಈ ಕಾದಂಬರಿ, ರಷ್ಯದ ಒಂದು ಪ್ರಾಂತೀಯ ಪಟ್ಟಣದಲ್ಲಿ ನಡೆಯುವ ಪಿತೂರಿಯೊಂದರ ಕಥೆ. ಅದು ಚಿತ್ರಿಸಿದ ಝಾರನ ರಷ್ಯ ೧೯೧೭ರಲ್ಲಿ ಮುಗಿಯಿತು. ಆದರೂ ೧೯೫೯ರಲ್ಲಿ ಆಲ್ಬೆರ್ ಕಮೂ ಅದನ್ನು ಪ್ಯಾರಿಸ್ಸಿನ ರಂಗದ ಮೇಲೆ ತಂದನು. ೧೯೮೮ರಲ್ಲಿ ಪೋಲೆಂಡಿನ ಆಂದ್ರೆಯ್ ವೈದಾ ಚಲನಚಿತ್ರಕ್ಕೆ ಅಳವಡಿಸಿದನು. ಇಂದು ಅದನ್ನು ಮೊದಲ ಬಾರಿಗೆ ಓದುವ ವಿದ್ಯಾರ್ಥಿಯೂ ಅದರ ದುಷ್ಟರನ್ನು ತಾನು ಎಲ್ಲಿಯೋ ಕಂಡಿರುವೆನೆಂದು ಹೇಳುವುದನ್ನು ನಾವು ಕೇಳಿದ್ದೇವೆ. ಹೀಗೇಕೆ?

ಈ ಪ್ರಶ್ನೆಗೆ ವಾಡಿಕೆಯ ಉತ್ತರವೊಂದಿದೆ: ದಾಸ್ತಯೇವ್‌ಸ್ಕಿ ದ್ರಷ್ಟಾರ, ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಗಳನ್ನು ಅವನು ಮುಂಚಿತವಾಗಿಯೇ ಕಂಡನು. ಈ ಉತ್ತರದಲ್ಲಿ ಸತ್ಯಾಂಶವಿದೆ, ಆದರೆ ಅದು ಸಾಲದು. ಭವಿಷ್ಯವಾಣಿ ನಿಜವಾದೊಡನೆ ಅದರ ಕೆಲಸ ಮುಗಿಯುತ್ತದೆ. ಆಮೇಲೆ ಅದನ್ನು ಮೆಚ್ಚಬಹುದೇ ಹೊರತು ಅದರಿಂದ ಕಳವಳಗೊಳ್ಳಲಾಗದು. ಈ ಕಾದಂಬರಿಯಾದರೋ ನಮ್ಮನ್ನು ಇನ್ನೂ ಕಳವಳಗೊಳಿಸುತ್ತದೆ. ಇದರ ಖಳನಿಗೆ ಸ್ವಂತದ್ದೆಂಬ ಬಲ ಬಹಳ ಸ್ವಲ್ಪ. ಅವನ ಬಲವೆಲ್ಲ ಸಭ್ಯರಾದ ಇತರರು ತಮ್ಮ ತಮ್ಮ ಸಣ್ಣ ದೌರ್ಬಲ್ಯಗಳ ಮೂಲಕ ಅವನಿಗೆ ಇತ್ತ ದಾನ. ಸಿದ್ಧಾಂತಗಳು ಹಳತಾಗಬಹುದು, ಈ ದೌರ್ಬಲ್ಯಗಳು ಹಳತಾಗುವುದಿಲ್ಲ. ಇದು ನಮ್ಮ ಅಭಿಪ್ರಾಯ. ಇದನ್ನು ಕೃತಿಯ ಆಧಾರದಿಂದಲೇ ಸ್ಥಾಪಿಸಲು ಇಲ್ಲಿ ಯತ್ನಿಸುತ್ತೇವೆ.

ಮೊದಲು ಕೃತಿಯ ಹುಟ್ಟನ್ನು ನೋಡೋಣ. ೧೮೬೯ರ ನವೆಂಬರಿನಲ್ಲಿ ಮಾಸ್ಕೋದ ಪೆತ್ರೋವ್‌ಸ್ಕಿ ಕೃಷಿವಿದ್ಯಾಲಯದ ಉದ್ಯಾನದಲ್ಲಿ ಇವಾನೊವ್ ಎಂಬ ವಿದ್ಯಾರ್ಥಿಯ ಕೊಲೆಯಾಯಿತು. ಅವನ ದೇಹವನ್ನು ಹೆಪ್ಪುಗಟ್ಟಿದ ಕೊಳದೊಳಕ್ಕೆ ನೂಕಲಾಗಿತ್ತು. ಕೊಂದವರು ಸೆರ್ಗೆಯ್ ನೆಚಾಯೆವ್ ಎಂಬ ಇಪ್ಪತ್ತೆರಡು ವರ್ಷದ ಯುವಕ ಮತ್ತು ಅವನ ನಾಲ್ವರು ಸಂಗಡಿಗರು. ಇವಾನೊವನು ಅವರ ಗುಪ್ತಸಂಘದವನೇ. ನೆಚಾಯೆವನ ಅಧಿಕಾರವನ್ನು ಪ್ರಶ್ನಿಸಿದ್ದೇ ಅವನ ಅಪರಾಧ. ನೆಚಾಯೆವನ ಬಳಿ ವೃದ್ಧ ಕ್ರಾಂತಿಕಾರ ಬಕೂನಿನ್ ಸಹಿ ಮಾಡಿಕೊಟ್ಟ ಒಂದು ಪ್ರಮಾಣಪತ್ರವಿತ್ತು. ಅವನು ಜಾಗತಿಕ ಕ್ರಾಂತಿಕಾರಿ ಒಕ್ಕೂಟದ ರಷ್ಯನ್ ಶಾಖೆಯ ಪ್ರತಿನಿಧಿಯೆಂದು ಅದು ಸಾರುತ್ತಿತ್ತು. ಅದರ ಮೇಲಿದ್ದ ಸಂಖ್ಯೆ ೨೭೭೧. ಓದಿದವನು ಉಳಿದ ಎರಡು ಸಾವಿರದ ಏಳುನೂರ ಎಪ್ಪತ್ತು ಪ್ರತಿನಿಧಿಗಳನ್ನು ತಾನೇ ಕಲ್ಪಿಸಿಕೊಳ್ಳಬೇಕು. ವಾಸ್ತವವಾಗಿ ಅಂಥ ಒಕ್ಕೂಟವೇ ಇರಲಿಲ್ಲ. ನೆಚಾಯೆವನು ಸ್ವಿಟ್ಸರ್ಲೆಂಡಿಗೆ ಓಡಿಹೋಗಿ, ೧೮೭೨ರಲ್ಲಿ ಸೆರೆಸಿಕ್ಕಿ, ೧೮೮೨ರಲ್ಲಿ ಪೀಟರ್ಸ್‌ಬರ್ಗಿನ ಕೋಟೆಯ ಸೆರೆಮನೆಯಲ್ಲಿ ತೀರಿಕೊಂಡನು.

ಆಗ ಡ್ರೆಸ್ಡೆನ್ನಿನಲ್ಲಿದ್ದ ದಾಸ್ತಯೇವ್‌ಸ್ಕಿ ಈ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದನು. ಅವನ ಹೆಂಡತಿಯ ತಮ್ಮನು ಅದೇ ಕೃಷಿವಿದ್ಯಾಲಯದ ವಿದ್ಯಾರ್ಥಿಯಾಗಿದ್ದುದರಿಂದ ವಿಷಯ ಮನೆಯ ಮಾತೂ ಆಗಿತ್ತು. ಕಾದಂಬರಿ ಕರಪತ್ರವಾಗಿ ಪರಿಣಮಿಸಿದರೂ ಚಿಂತೆಯಿಲ್ಲ, ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ ಎಂಬ ಅರ್ಥದಲ್ಲಿ ಅವನು ೧೮೭೦ರಲ್ಲಿ ಮಿತ್ರನೊಬ್ಬನಿಗೆ ಪತ್ರ ಬರೆದನು. ಅದೇ ವರ್ಷದ ಕೊನೆಯ ಭಾಗದಲ್ಲಿ ಸಂಪಾದಕ ಕತ್ಕೊವನಿಗೆ ಬರೆದ ಪತ್ರದಲ್ಲಿ, ತನ್ನ ಖಳಪಾತ್ರ ತನಗೇ ಅಚ್ಚರಿಯಾಗುವಂತೆ ಅರ್ಧ ಹಾಸ್ಯದ ಪಾತ್ರವಾಗುತ್ತಿದೆಯೆಂದು ಒಪ್ಪಿಕೊಂಡನು. ಈ ಎರಡು ಪತ್ರಗಳ ನಡುವಣ ಅಂತರದಲ್ಲಿಯೇ ಕೃತಿಯ ಭಾಗ್ಯ ನಿರ್ಧಾರವಾಯಿತೆನ್ನಬಹುದು. ಕರಪತ್ರಕ್ಕೆ ಬೇಕಾದದ್ದು ಭಯಂಕರನಾದ ಶತ್ರು. ಲೇಖನಿಯಿಂದ ಇಳಿದವನು ಹಾಗಿರಲಿಲ್ಲ.

ನಮ್ಮ ಲಾಕ್ಷಣಿಕರು ಪ್ರತಿನಾಯಕನನ್ನು ಲುಬ್ಧ, ಧೀರೋದ್ಧತ, ಪಾಪಕಾರಿ ಎಂದು ಲಕ್ಷಣೀಕರಿಸಿದ್ದಾರೆ. ಈ ಲಕ್ಷಣದಲ್ಲಿ ಒಂದು ಗೌರವವೂ ಅಡಗಿದೆ. ಪ್ರತಿನಾಯಕನು ನಾಯಕನಿಗೆ ಸರಿದೂಗುವ ಸತ್ತ್ವವುಳ್ಳವನು. ದಾಸ್ತಯೇವ್‌ಸ್ಕಿಯ ಪ್ಯೋತ್ರ್ ವೆರ್ಖೊವೆನ್‌ಸ್ಕಿಯನ್ನು ಈ ಅಳತೆಗೋಲಿನಿಂದ ಅಳೆದರೆ ನಮಗೆ ನಿರಾಶೆಯೇ ಆಗುತ್ತದೆ. ಅವನು ಬಡಬಡನೆ ಮಾತಾಡುವವನು, ಹೋದಲ್ಲೆಲ್ಲ ಚೆನ್ನಾಗಿ ಉಣ್ಣುವವನು, ಎಲ್ಲರ ಮನೆಯಲ್ಲಿಯೂ ಸಲುಗೆ ಬೆಳೆಸುವವನು. ಅವನಿಗೆ ಸಿದ್ಧಾಂತವಿಲ್ಲ, ಸಿದ್ಧಾಂತವನ್ನು ಷಿಗಲ್ಯೋವನಿಂದ ಎರವಲು ತರುತ್ತಾನೆ. ಅವನಿಗೆ ತೇಜಸ್ಸಿಲ್ಲ, ಅದಕ್ಕಾಗಿ ಸ್ತವ್ರೋಗಿನನ ಬೆನ್ನುಹತ್ತುತ್ತಾನೆ. ಸಾಯುವ ಧೈರ್ಯವೂ ಅವನದಲ್ಲ. ಆತ್ಮಹತ್ಯೆಗೆ ಸಿದ್ಧನಾದ ಕಿರಿಲೊವನಿಂದ ಕೊಲೆಯ ಹೊಣೆಯನ್ನು ಹೊರುವ ಸುಳ್ಳು ಚೀಟಿಯನ್ನು ಬರೆಸಿಕೊಳ್ಳುತ್ತಾನೆ. ಅವನದೇ ಆದ ಬಂಡವಾಳ ಒಂದೇ: ಎಲ್ಲಿಯೋ ಒಂದು ಕೇಂದ್ರಸಮಿತಿಯಿದೆ, ದೇಶದ ತುಂಬ ಐವರೈವರ ಗುಂಪುಗಳು ಹಬ್ಬಿವೆ, ತಾನು ಅದರ ದೂತ ಎಂಬ ಸುಳ್ಳು. ಇಷ್ಟು ದರಿದ್ರನಾದವನು ಒಂದು ಪಟ್ಟಣವನ್ನು ಹಾಳುಮಾಡಿದ್ದು ಹೇಗೆ?

ಇದಕ್ಕೆ ಉತ್ತರ ಹುಡುಕಲು ನಾವು ಪಿತೂರಿಗಾರರ ಕೋಣೆಯನ್ನು ಬಿಟ್ಟು ಗವರ್ನರನ ದಿವಾನಖಾನೆಗೆ ಹೋಗಬೇಕು. ಗವರ್ನರನ ಹೆಂಡತಿ ಯೂಲಿಯಾ ಮಿಖಾಯ್ಲೊವ್ನಳಿಗೆ ತಾನು ಯುವಜನರ ತಾಯಿ, ಹಾದಿತಪ್ಪಿದವರನ್ನು ವಾತ್ಸಲ್ಯದಿಂದಲೇ ತಿದ್ದಬಲ್ಲವಳು ಎಂಬ ಹೆಮ್ಮೆ. ಪ್ಯೋತ್ರನು ಆ ಹೆಮ್ಮೆಗೆ ನೀರೆರೆದನು. ಅವಳ ಆಶ್ರಯದಿಂದ ಪಟ್ಟಣದ ಬಾಗಿಲುಗಳೆಲ್ಲ ಅವನಿಗೆ ತೆರೆದವು. ಗವರ್ನರ್ ಫಾನ್ ಲೆಂಬ್ಕೆ ಬಿಡುವಿನಲ್ಲಿ ಕಾಗದದ ನಾಟಕಶಾಲೆ, ಕಾಗದದ ರೈಲುನಿಲ್ದಾಣ ಮಾಡಿ ಸುಖಪಡುವ ಸಾಧುಪ್ರಾಣಿ. ಅವನು ಗುಟ್ಟಾಗಿ ಕಾದಂಬರಿಯೊಂದನ್ನೂ ಬರೆದಿದ್ದಾನೆ. ಪ್ಯೋತ್ರನು ಹಸ್ತಪ್ರತಿಯನ್ನು ಓದಲು ಒಯ್ದು, ಕಳೆದುಹೋಯಿತೆಂದು ಹೇಳಿ, ಆ ಅಧಿಕಾರಿಯ ನೆಮ್ಮದಿಯನ್ನು ತನ್ನ ಮುಷ್ಟಿಯಲ್ಲಿಟ್ಟುಕೊಳ್ಳುತ್ತಾನೆ. ಪ್ರಸಿದ್ಧ ಸಾಹಿತಿ ಕರ್ಮಜಿನೊವ್ ಇನ್ನೂ ಮುಂದೆ ಹೋಗಿ, ದಂಗೆ ಯಾವಾಗ ಪ್ರಾರಂಭವೆಂದು ಆ ಯುವಕನನ್ನೇ ವಿನಯದಿಂದ ವಿಚಾರಿಸುತ್ತಾನೆ. ಆಸ್ತಿ ಮಾರಿ ಹೊರದೇಶಕ್ಕೆ ಹೋಗಲು ಅವಕಾಶವಿದೆಯೇ ಎಂಬುದು ಅವನ ಚಿಂತೆ. ಮೇ ತಿಂಗಳ ಮೊದಲಲ್ಲಿ ಆರಂಭವಾಗಿ ಅಕ್ಟೋಬರಿನ ಹೊತ್ತಿಗೆ ಮುಗಿಯುತ್ತದೆಂದು ಪ್ಯೋತ್ರನು, ಸಂತೆಯ ದಿನವನ್ನು ಹೇಳುವಂತೆ, ಹೇಳಿಬಿಡುತ್ತಾನೆ. ಇವರಲ್ಲಿ ಒಬ್ಬರೂ ಕ್ರಾಂತಿಯನ್ನು ಬಯಸಿದವರಲ್ಲ. ಒಬ್ಬಳಿಗೆ ಪ್ರಶಂಸೆ ಬೇಕು, ಒಬ್ಬನಿಗೆ ತನ್ನ ಹಸ್ತಪ್ರತಿ ಬೇಕು, ಒಬ್ಬನಿಗೆ ತನ್ನ ಹಣದ ರಕ್ಷಣೆ ಬೇಕು. ಖಳನ ಬೊಕ್ಕಸ ತುಂಬುವುದು ಇಂಥ ಚಿಲ್ಲರೆ ಕಾಸುಗಳಿಂದ.

ಎಲ್ಲಕ್ಕಿಂತ ದೊಡ್ಡ ದಾನಿ ಖಳನ ತಂದೆಯೇ. ಸ್ತೆಪಾನ್ ತ್ರೊಫಿಮೊವಿಚ್ ಹಿಂದಿನ ತಲೆಮಾರಿನ ಉದಾರವಾದಿ. ಸೌಂದರ್ಯ, ಸ್ವಾತಂತ್ರ್ಯ, ಮಾನವತೆ ಎಂಬ ಮಾತುಗಳು ಸದಾ ಅವನ ನಾಲಗೆಯ ಮೇಲಿವೆ. ಆದರೆ ಮಗನನ್ನು ಅವನು ಶೈಶವದಲ್ಲಿಯೇ ದೂರದ ಬಂಧುಗಳ ಬಳಿಗೆ ಕಳುಹಿಸಿ, ಅನಂತರ ನೋಡಿದ್ದೇ ಅಪರೂಪ. ಹಿಂದೊಮ್ಮೆ ಇಸ್ಪೀಟಿನ ಸಾಲ ತೀರಿಸಲು ತನ್ನ ಜೀತದಾಳು ಫೆದ್ಕಾನನ್ನು ಸೈನ್ಯಕ್ಕೆ ಕೊಟ್ಟುಬಿಟ್ಟಿದ್ದನು. ಆ ಫೆದ್ಕಾ ಸೈಬೀರಿಯದ ಸೆರೆಯಿಂದ ತಪ್ಪಿಸಿಕೊಂಡು ಬಂದು ಕೊಲೆಗಾರನಾಗಿ ಮಗನ ಕೈಯ ಆಯುಧವಾಗುತ್ತಾನೆ. ಇಲ್ಲಿ ಕಾದಂಬರಿಕಾರನ ನ್ಯಾಯಬುದ್ಧಿಯನ್ನು ಗಮನಿಸಬೇಕು. ಸ್ತೆಪಾನನು ಕೃತಿಯ ಅತ್ಯಂತ ಪ್ರೀತಿಪಾತ್ರವಾದ ವ್ಯಕ್ತಿ. ನಾವು ಅವನನ್ನು ನೋಡಿ ನಗುತ್ತೇವೆ, ಕೊನೆಗೆ ಅವನಿಗಾಗಿ ಮರುಗುತ್ತೇವೆ. ಹಾಗಿದ್ದರೂ, ಮನುಷ್ಯನನ್ನು ವಸ್ತುವಾಗಿ ಬಳಸುವ ವಿದ್ಯೆಯನ್ನು ಮಗನು ಹೊರಗಿನಿಂದ ತರಬೇಕಾಗಿರಲಿಲ್ಲ, ಮನೆಯಲ್ಲಿಯೇ ಅದರ ಪಾಠವಿತ್ತು ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ. ಒಳ್ಳೆಯ ಮಾತು ಒಳ್ಳೆಯ ನಡತೆಗೆ ಬದಲಾಗಿ ಸಲ್ಲುವ ಎಲ್ಲ ಮನೆಗಳಿಗೂ, ಎಲ್ಲ ವಿದ್ಯಾಸಂಸ್ಥೆಗಳಿಗೂ ಈ ಚಿತ್ರ ಅನ್ವಯಿಸುತ್ತದೆ.

ಈಗ ಆ ಐವರ ಬಳಿಗೆ ಬರೋಣ. ಲಿಪೂತಿನ್, ವಿರ್ಗಿನ್‌ಸ್ಕಿ, ಷಿಗಲ್ಯೋವ್, ಲ್ಯಾಮ್‌ಷಿನ್, ತೋಲ್ಕಚೆಂಕೊ ಇವರು ಪ್ಯೋತ್ರನ ಗುಂಪು. ಸಂಘವನ್ನು ಅಂಟಿಸಿ ಹಿಡಿಯುವ ಗಾರೆ ಯಾವುದೆಂಬುದನ್ನು ಪ್ಯೋತ್ರನು ಸ್ತವ್ರೋಗಿನನಿಗೆ ಒಂದು ಕಡೆ ವಿವರಿಸುತ್ತಾನೆ. ಪದವಿ ಬಿರುದುಗಳ ಆಸೆ, ಭಾವುಕತೆ ಇವೆಲ್ಲ ಉಪಯುಕ್ತವೇ. ಆದರೆ ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ವಂತ ಅಭಿಪ್ರಾಯವೊಂದನ್ನು ಇಟ್ಟುಕೊಳ್ಳಲು ಜನ ಪಡುವ ನಾಚಿಕೆ ಎಂಬುದು ಅವನ ಮಾತಿನ ಸಾರ. ಇಡೀ ಕಾದಂಬರಿಯ ಕೀಲಿಕೈ ಇದೇ ಎಂದು ನಾವು ಭಾವಿಸುತ್ತೇವೆ. ಜನರು ಭಯದಿಂದ ಅಧೀನರಾಗುತ್ತಾರೆಂಬುದು ಹಳೆಯ ರಾಜನೀತಿ. ಹಿಂದುಳಿದವನೆನಿಸಿಕೊಳ್ಳುವ ನಾಚಿಕೆ ಭಯಕ್ಕಿಂತ ಬಲವಾದ ಹಗ್ಗವೆಂಬುದು ದಾಸ್ತಯೇವ್‌ಸ್ಕಿಯ ಶೋಧನೆ.

ಹುಟ್ಟುಹಬ್ಬದ ನೆವದಲ್ಲಿ ವಿರ್ಗಿನ್‌ಸ್ಕಿಯ ಮನೆಯಲ್ಲಿ ನಡೆಯುವ ಸಭೆ ಇದಕ್ಕೆ ಉದಾಹರಣೆ. ಷಿಗಲ್ಯೋವನು ಅಪರಿಮಿತ ಸ್ವಾತಂತ್ರ್ಯದಿಂದ ಹೊರಟು ಅಪರಿಮಿತ ನಿರಂಕುಶತೆಗೆ ಮುಟ್ಟುವ ತನ್ನ ಸಮಾಜವ್ಯವಸ್ಥೆಯನ್ನು ಗಂಭೀರವಾಗಿ ಮಂಡಿಸಲು ಬಯಸುತ್ತಾನೆ: ಹತ್ತರಲ್ಲಿ ಒಂದು ಪಾಲಿನವರಿಗೆ ಸ್ವಾತಂತ್ರ್ಯ, ಒಂಬತ್ತು ಪಾಲಿನವರು ಮಂದೆ. ಪ್ಯೋತ್ರನು ಕತ್ತರಿ ತರಿಸಿಕೊಂಡು ಉಗುರು ಕತ್ತರಿಸಿಕೊಳ್ಳುತ್ತ ಕುಳಿತಿದ್ದಾನೆ. ಅನಂತರ ಅವನು ಒಂದು ಪ್ರಶ್ನೆ ಹಾಕುತ್ತಾನೆ: ರಾಜಕೀಯ ಕೊಲೆಯೊಂದರ ಸಿದ್ಧತೆ ನಿಮಗೆ ತಿಳಿದರೆ ಪೋಲೀಸಿಗೆ ತಿಳಿಸುವಿರಾ? ಕೊಲೆ ಸರಿಯೇ ಎಂದು ಕೇಳಿದ್ದರೆ ಬಹುಶಃ ಹಲವರು ಇಲ್ಲವೆನ್ನುತ್ತಿದ್ದರು. ತಿಳಿಸುವಿರಾ ಎಂದು ಕೇಳಿದುದರಿಂದ ಪ್ರಶ್ನೆ ಕೊಲೆಯಿಂದ ಜಾರಿ, ನೀನು ನಮ್ಮವನೋ ಚಾಡಿಕೋರನೋ ಎಂಬುದಕ್ಕೆ ಬಂದು ನಿಂತಿತು. ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ತಿಳಿಸುವುದಿಲ್ಲವೆನ್ನುತ್ತಾರೆ. ಷಾತೊವ್ ಉತ್ತರಿಸದೆ ಎದ್ದುಹೋಗುತ್ತಾನೆ, ಕೊಲೆಯಾಗುವವನೂ ಅವನೇ. ಆ ಅಧ್ಯಾಯಕ್ಕೆ ಕಾದಂಬರಿಕಾರನಿಟ್ಟ ಹೆಸರಿನ ಅರ್ಥ ‘ನಮ್ಮವರಲ್ಲಿ’ ಎಂದು. ಇಂಥ ಪ್ರಶ್ನೆಗೆ ಇಂದು ಕೋಣೆಯೂ ಬೇಕಿಲ್ಲ, ಸಭೆಯೂ ಬೇಕಿಲ್ಲ. ಅಂಗೈಯಲ್ಲಿರುವ ಮೊಬೈಲು ಕ್ಷಣಮಾತ್ರದಲ್ಲಿ ಅದನ್ನು ಸಾವಿರ ಮಂದಿಯ ಮುಂದಿಡುತ್ತದೆ. ಪ್ರಶ್ನೆಯ ರಚನೆ ಮಾತ್ರ ಬದಲಾಗಿಲ್ಲ. ಕಾಣದ ಕೇಂದ್ರವೊಂದು ತಮ್ಮನ್ನು ಗಮನಿಸುತ್ತಿದೆ, ಉಳಿದವರೆಲ್ಲ ಆಗಲೇ ಒಪ್ಪಿಯಾಗಿದೆ ಎಂಬ ಭ್ರಮೆಯೂ ಬದಲಾಗಿಲ್ಲ.

ಈ ಐವರಲ್ಲಿ ನಮ್ಮನ್ನು ಹೆಚ್ಚು ಕಾಡುವವನು ವಿರ್ಗಿನ್‌ಸ್ಕಿ. ಅವನು ಶುದ್ಧಹೃದಯನೆಂಬುದರಲ್ಲಿ ಸಂದೇಹವಿಲ್ಲ. ಕೊಲೆಯ ಹಿಂದಿನ ರಾತ್ರಿ ಷಾತೊವನ ಹೆಂಡತಿ ಮೂರು ವರ್ಷಗಳ ಅಗಲಿಕೆಯ ಅನಂತರ ಮರಳಿ ಬಂದು ಮಗುವನ್ನು ಹೆರುತ್ತಾಳೆ. ಹೆರಿಗೆ ಮಾಡಿಸುವ ಸೂಲಗಿತ್ತಿ ವಿರ್ಗಿನ್‌ಸ್ಕಿಯ ಹೆಂಡತಿಯೇ. ಹೆಂಡತಿ ಆ ಮನೆಯಲ್ಲಿ ಜೀವವನ್ನು ಬರಮಾಡಿಕೊಂಡ ಮರುದಿನ ಗಂಡನು ಕೊಳದ ದಂಡೆಯಲ್ಲಿ ಆ ಮನೆಯ ಯಜಮಾನನ ಜೀವ ತೆಗೆಯುವವರೊಡನೆ ನಿಂತಿರುತ್ತಾನೆ. ಎಲ್ಲ ಮುಗಿದ ಮೇಲೆ, ಇದು ಸರಿಯಲ್ಲ, ಇದು ಅದಲ್ಲವೇ ಅಲ್ಲ ಎಂಬರ್ಥದಲ್ಲಿ ಕೂಗಿಕೊಳ್ಳುತ್ತಾನೆ. ಷಿಗಲ್ಯೋವನು ಕೊಲೆಗೆ ಮುಂಚೆಯೇ ತನ್ನ ಭಿನ್ನಾಭಿಪ್ರಾಯವನ್ನು ತಿಳಿಸಿ, ಕೈತೊಳೆದುಕೊಂಡು ಮನೆಗೆ ಹೋಗುತ್ತಾನೆ. ಷಾತೊವನಿಗೆ ಎಚ್ಚರಿಕೆಯ ಒಂದು ಮಾತನ್ನೂ ಹೇಳುವುದಿಲ್ಲ. ಲಿಪೂತಿನನಿಗೆ ದೇಶದ ತುಂಬ ಗುಂಪುಗಳಿವೆ ಎಂಬುದರಲ್ಲಿಯೇ ಶಂಕೆಯಿದೆ. ಇರುವುದು ತಾವೈವರೇ ಇರಬಹುದೆಂದು ಅವನು ಊಹಿಸಿದ್ದಾನೆ. ಊಹಿಸಿದರೂ ಹೋಗುತ್ತಾನೆ. ಅರಿವಿದ್ದೂ ಹೋದನೆಂಬುದೇ ಇಲ್ಲಿಯ ದಾರುಣ ಸತ್ಯ. ಸುಳ್ಳನ್ನು ನಂಬುವವರಿಂದ ಮಾತ್ರವಲ್ಲ, ನಂಬದೆಯೂ ಅದರ ಜೊತೆ ನಡೆಯುವವರಿಂದ ಖಳನು ಬಾಳುತ್ತಾನೆ. ಇತ್ತ ಪ್ಯೋತ್ರನು ರೈಲುಹತ್ತಿ, ಪರಿಚಿತನೊಬ್ಬನ ಆಹ್ವಾನದ ಮೇರೆಗೆ ಮೊದಲ ದರ್ಜೆಯ ಡಬ್ಬಿಗೆ ಇಸ್ಪೀಟಾಡಲು ಹೊರಟುಹೋಗುತ್ತಾನೆ.

ಸ್ತವ್ರೋಗಿನನ ದುಷ್ಟತನ ಬೇರೆ ಜಾತಿಯದು. ಅವನಿಗೆ ರೂಪವಿದೆ, ಕುಲವಿದೆ, ಧೈರ್ಯವಿದೆ. ಇಲ್ಲದಿರುವುದು ಯಾವುದರಲ್ಲಿಯೂ ಆಸಕ್ತಿ. ನಾಲ್ವರು ಸೇರಿ ಐದನೆಯವನನ್ನು ಕೊಂದರೆ ಆ ರಕ್ತ ಅವರನ್ನು ಶಾಶ್ವತವಾಗಿ ಬಿಗಿಯುತ್ತದೆಂಬ ಸೂಚನೆ ಮೊದಲು ಬಂದದ್ದು ಪ್ಯೋತ್ರನಿಂದಲ್ಲ, ಇವನಿಂದ. ಅದೂ ತಾತ್ಸಾರದ ಮಾತಾಗಿ. ಷಾತೊವನಿಗೆ ಅಪಾಯವಿದೆಯೆಂದು ಎಚ್ಚರಿಸುವವನೂ ಇವನೇ. ಆದರೆ ಅದನ್ನು ತಡೆಯುವ ಶ್ರಮವನ್ನು ಅವನು ವಹಿಸುವುದಿಲ್ಲ. ಅವನ ತಪ್ಪೊಪ್ಪಿಗೆಯ ಅಧ್ಯಾಯವನ್ನು ಕತ್ಕೊವ್ ಅಚ್ಚುಹಾಕಲು ನಿರಾಕರಿಸಿದುದರಿಂದ ಅದು ಬೆಳಕು ಕಂಡದ್ದು ೧೯೨೨ರಲ್ಲಿ. ಅಲ್ಲಿಯೂ ನಮಗೆ ಎದ್ದು ಕಾಣುವುದು, ಮಾಡಿದ ಪಾಪವನ್ನು ಸ್ಪಷ್ಟವಾಗಿ ಬಲ್ಲ, ಆದರೆ ಆ ಬಲ್ಲವಿಕೆಯಿಂದ ಕದಲದ ಮನಸ್ಸು. ಪ್ಯೋತ್ರನಿಗೆ ಅವನಿತ್ತ ದಾನ ಮೌನ. ಪ್ರತಿಭಾವಂತರ ಇಂಥ ನಿರಾಸಕ್ತಿಯನ್ನು ನಾವು ಹಲವು ವೇಳೆ ನಿರ್ಲಿಪ್ತತೆಯೆಂದು ಗೌರವಿಸುವುದುಂಟು. ಈ ಪಾತ್ರವನ್ನು ಓದಿದವರಿಗೆ ಎರಡರ ಭೇದ ಮರೆಯುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಕೃತಿಯ ದೋಷಗಳನ್ನೂ ಹೇಳದಿರುವುದು ನ್ಯಾಯವಲ್ಲ. ರಷ್ಯದ ಯುವಕರನ್ನು ಪ್ರತಿಭಟನೆಗೆ ನೂಕಿದ ಅನ್ಯಾಯಗಳಿಗೆ ಕಾದಂಬರಿ ಬಹಳ ಕಡಮೆ ಸ್ಥಳ ಕೊಡುತ್ತದೆ. ನೆಚಾಯೆವನ ವಿಧಾನಗಳನ್ನು ಖಂಡಿಸಿದ ಕ್ರಾಂತಿಕಾರರು ಅನೇಕರಿದ್ದರು. ಅವರಿಗೆ ಇಲ್ಲಿ ಪ್ರತಿನಿಧಿಯಿಲ್ಲ. ಲ್ಯಾಮ್‌ಷಿನನ ಚಿತ್ರಣದಲ್ಲಿ ಯೆಹೂದ್ಯರ ಬಗೆಗಿನ ಪೂರ್ವಗ್ರಹ ಕಾಣುತ್ತದೆ. ಮಾಸ್ಕೋ ಕಲಾ ರಂಗಮಂದಿರ ೧೯೧೩ರಲ್ಲಿ ಈ ಕೃತಿಯನ್ನು ರಂಗಕ್ಕೆ ತಂದಾಗ ಗೋರ್ಕಿ ಬಲವಾಗಿ ವಿರೋಧಿಸಿದ್ದು ಅಕಾರಣವಾಗಿಯಲ್ಲ. ಅದೇ ಗೋರ್ಕಿ ೧೯೩೫ರಲ್ಲಿ ಅದರ ಪ್ರಕಟಣೆಯನ್ನು ಸಮರ್ಥಿಸಿ ಬರೆದನೆಂಬುದೂ ಸ್ಮರಣೀಯ. ಆದರೆ ಕರಪತ್ರಕಾರನು ಬಿಟ್ಟದ್ದನ್ನು ಕಾದಂಬರಿಕಾರನು ಒಮ್ಮೊಮ್ಮೆ ತಾನಾಗಿಯೇ ತುಂಬುತ್ತಾನೆ. ಮೋಸಹೋದ ಕೂಲಿಯ ಲೆಕ್ಕ ಕೇಳಲು ಕಾರ್ಖಾನೆಯ ಕೆಲಸಗಾರರು ಗವರ್ನರನ ಮನೆಯ ಮುಂದೆ ಶಾಂತವಾಗಿ ನಿಂತಾಗ, ತಲೆಕೆಟ್ಟ ಲೆಂಬ್ಕೆ ಅದನ್ನು ದಂಗೆಯೆಂದು ಬಗೆದು ಛಡಿಯೇಟು ಹೊಡೆಸುತ್ತಾನೆ. ಪ್ಯೋತ್ರನನ್ನು ತನ್ನ ಮನೆಯಲ್ಲಿಯೇ ಉಣಿಸುತ್ತಿದ್ದ ಸರ್ಕಾರ ನಿಜವಾದ ಅಹವಾಲನ್ನು ಗುರುತಿಸಲಾರದೆ ಹೋಯಿತು. ಈ ಪ್ರಸಂಗವನ್ನು ಬರೆದವನು ಕೇವಲ ಸರ್ಕಾರದ ಪಕ್ಷಪಾತಿಯಾಗಿರಲಾರನು.

ಇಲ್ಲಿ ಲೇಖಕನ ಜೀವನದ ಒಂದು ಸಂಗತಿ ಪ್ರಸ್ತುತವಾಗುತ್ತದೆ. ೧೮೪೯ರಲ್ಲಿ ದಾಸ್ತಯೇವ್‌ಸ್ಕಿ ತಾನೇ ಪೆತ್ರಾಷೆವ್‌ಸ್ಕಿಯ ಗುಂಪಿನವನೆಂದು ಬಂಧಿತನಾಗಿ, ಮರಣದಂಡನೆಯ ಕಂಬದ ಬಳಿಯವರೆಗೆ ಹೋಗಿ, ಕೊನೆಯ ಗಳಿಗೆಯಲ್ಲಿ ಶಿಕ್ಷೆ ಬದಲಾಗಿ, ನಾಲ್ಕು ವರ್ಷ ಸೈಬೀರಿಯದಲ್ಲಿ ಕಠಿನ ಸಜೆ ಅನುಭವಿಸಿದವನು. ಕಾದಂಬರಿ ಪುಸ್ತಕವಾದ ೧೮೭೩ರಲ್ಲಿಯೇ ‘ಲೇಖಕನ ದಿನಚರಿ’ಯಲ್ಲಿ ಅವನು ಒಂದು ನಿವೇದನೆ ಮಾಡಿದನು: ತಾನು ನೆಚಾಯೆವನಾಗುವುದು ಸಾಧ್ಯವಿರಲಿಲ್ಲ, ಆದರೆ ತನ್ನ ಯೌವನದಲ್ಲಿ ನೆಚಾಯೆವನ ಅನುಯಾಯಿಯಾಗುತ್ತಿರಲಿಲ್ಲವೆಂದು ಆಣೆಯಿಟ್ಟು ಹೇಳಲಾರೆ, ಎಂದು ಅದರ ಭಾವ. ಕಾದಂಬರಿಯನ್ನು ಶತ್ರುಗಳ ಮೇಲಿನ ದೂರಾಗಿ ಓದುವವರಿಗೆ ಇದಕ್ಕಿಂತ ಸ್ಪಷ್ಟವಾದ ಪ್ರತ್ಯುತ್ತರ ಬೇಕಿಲ್ಲ. ಬರೆದವನು ಖಳನಲ್ಲಿ ಅಲ್ಲ, ಖಳನ ಹಿಂದೆ ನಿಂತ ಐವರಲ್ಲಿ ತನ್ನ ಮುಖವನ್ನು ಕಂಡನು.

ಕೃತಿಯ ಹೆಸರೂ ಇದನ್ನೇ ಹೇಳುತ್ತದೆ. ‘ಬೇಸಿ’ ಎಂದರೆ ದೆವ್ವಗಳು. ಕಾನ್‌ಸ್ಟನ್ಸ್ ಗಾರ್ನೆಟ್ ೧೯೧೪ರ ತನ್ನ ಇಂಗ್ಲಿಷ್ ಅನುವಾದಕ್ಕೆ ದೆವ್ವ ಹಿಡಿದವರು ಎಂಬರ್ಥದ ಹೆಸರಿಟ್ಟಳು. ನಮ್ಮಲ್ಲಿ ಬಹುಮಂದಿ ಕೃತಿಯನ್ನು ಅರಿತದ್ದು ಆ ಹೆಸರಿನಿಂದ. ಮುಂದಿನ ಅನುವಾದಕರು ಮೂಲಾರ್ಥಕ್ಕೆ ಮರಳಿದರು. ಶಬ್ದದ ದೃಷ್ಟಿಯಿಂದ ಅವರೇ ಸರಿ. ಆದರೆ ಗಾರ್ನೆಟ್ಟಳ ತಪ್ಪಿನಲ್ಲಿಯೂ ಒಂದು ಒಳನೋಟವಿದೆ. ಕಾದಂಬರಿಯ ಮುಖಪುಟದ ಮೇಲೆ ಲೇಖಕನಿಟ್ಟದ್ದು ಲೂಕನ ಸುವಾರ್ತೆಯ ಕಥೆ: ಮನುಷ್ಯನನ್ನು ಬಿಟ್ಟ ದೆವ್ವಗಳು ಹಂದಿಗಳನ್ನು ಹೊಕ್ಕು, ಆ ಮಂದೆ ಸರೋವರಕ್ಕೆ ಬಿದ್ದು ಸತ್ತ ಕಥೆ. ದೆವ್ವಕ್ಕೆ ತನ್ನದೆಂಬ ದೇಹವಿಲ್ಲ. ಅದು ಬಾಳಲು ಇನ್ನೊಬ್ಬರ ಮೈ ಬೇಕು. ಕೊನೆಯಲ್ಲಿ ಮನೆಬಿಟ್ಟು ಹೊರಟು, ಹಳ್ಳಿಯ ಗುಡಿಸಲೊಂದರಲ್ಲಿ ಸಾಯುತ್ತಿರುವ ಸ್ತೆಪಾನ್ ತ್ರೊಫಿಮೊವಿಚ್ ಈ ಕಥೆಯನ್ನು ಓದಿಸಿ ಕೇಳುತ್ತಾನೆ. ಆ ಹಂದಿಗಳ ಸಾಲಿನಲ್ಲಿ ಮಗನೊಡನೆ ತನ್ನನ್ನೂ, ಬಹುಶಃ ತನ್ನನ್ನೇ ಮೊದಲು, ಎಣಿಸಿಕೊಳ್ಳುತ್ತಾನೆ. ತನ್ನ ದಾನದ ಲೆಕ್ಕವನ್ನು ಇಡೀ ಕೃತಿಯಲ್ಲಿ ಒಪ್ಪಿಸಿದವನು ಅವನೊಬ್ಬನೇ.

ಆದಕಾರಣ ಈ ಕಾದಂಬರಿಯನ್ನು ಪಾಠಹೇಳುವಾಗ, ಪ್ಯೋತ್ರನು ಇಂದಿನ ಯಾರನ್ನು ಹೋಲುತ್ತಾನೆಂಬ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಮೊದಲು ಎತ್ತಬಾರದೆಂದು ಸೂಚಿಸುತ್ತೇವೆ. ಆ ಪ್ರಶ್ನೆಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಬಳಿಯೂ ಸಿದ್ಧವಾದ ಉತ್ತರವಿರುತ್ತದೆ. ಅದು ಅವನ ಎದುರುಪಕ್ಷದ ಹೆಸರಾಗಿರುತ್ತದೆ. ಅಲ್ಲಿಗೆ ಓದು ನಿಂತುಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ವಿರ್ಗಿನ್‌ಸ್ಕಿಯ ಮನೆಯ ಆ ಸಭೆಯಲ್ಲಿ ನಾವು ಕುಳಿತಿದ್ದು, ನಮ್ಮ ಸರದಿ ಬಂದು, ಎಲ್ಲರ ಕಣ್ಣೂ ನಮ್ಮ ಮೇಲೆ ನೆಟ್ಟಿದ್ದರೆ, ಷಾತೊವನಂತೆ ಎದ್ದುಹೋಗುತ್ತಿದ್ದೆವೇ? ಈ ಪ್ರಶ್ನೆಗೆ ನಮ್ಮಲ್ಲಿ ಯಾರೂ ಥಟ್ಟನೆ ಹೌದೆನ್ನಲಾರದಿರುವವರೆಗೆ, ೧೮೬೯ರ ಆ ಕೊಳದ ದಂಡೆಯಿಂದ ಎದ್ದುಬಂದ ದುಷ್ಟಪಾತ್ರಗಳು ನಮಗೆ ಅಪರಿಚಿತರಾಗುವುದಿಲ್ಲ.